ನಾಲ್ಕು ಸಲ ಸತ್ತವರಿಗೆ ಒಂದೇ ನಕ್ಷತ್ರ ಕೊಟ್ಟ ವಿಜ್ಞಾನಿಗಳಿಗೆ

ಜಪಾನಿನ ತ್ಸುಕುಬಾ ವಿಜ್ಞಾನನಗರಿಯ ನಿವಾಸಿಗಳೂ, ಲೋಹಗಳು ಯಾಕೆ ಬಿರುಕು ಬಿಡುತ್ತವೆ ಎಂಬುದನ್ನು ಕುರಿತು ಸಂಶೋಧನೆ ನಡೆಸುವವರೂ, ಬಿಡುವಿನ ವೇಳೆಯಲ್ಲಿ ಹಳೆಯ ಚಲನಚಿತ್ರಗಳಿಗೆ ನಕ್ಷತ್ರ ಹಂಚುವವರೂ ಆದ ಡಾ. ಲಿಂಗರಾಜು ಅವರ ಸನ್ನಿಧಾನಕ್ಕೆ ಗ್ಯೋಟೋಕುವಿನ ಗೃಹಿಣಿ ವಸುಂಧರಾ ಮಾಡುವ ನಮಸ್ಕಾರಗಳು.

ಮಾನ್ಯರೇ,

ನಾನು ಖಾಸಗಿಯಾಗಿ ಬರೆದ ಸಂದೇಶಗಳಿಗೆಲ್ಲ ತಾವು ಹೆಬ್ಬೆರಳಿನ ಚಿತ್ರವೊಂದನ್ನೇ ಉತ್ತರವಾಗಿ ದಯಪಾಲಿಸಿರುವುದರಿಂದ, ಈ ಅಹವಾಲನ್ನು ನಮ್ಮ ಕನ್ನಡ ಕೂಟದವರೆಲ್ಲರೂ ಓದುವ ವಾಟ್ಸಾಪ್ ಗುಂಪಿನಲ್ಲಿ ಬಹಿರಂಗವಾಗಿ ಸಲ್ಲಿಸುತ್ತಿದ್ದೇನೆ. ನಡೆದದ್ದು ಕೆಲವರಿಗೆ ಅರ್ಧ ಗೊತ್ತಿದೆ, ಕೆಲವರಿಗೆ ತಪ್ಪಾಗಿ ಗೊತ್ತಿದೆ. ಆದ್ದರಿಂದ ಮೊದಲಿನಿಂದ ಹೇಳಲು ಅಪ್ಪಣೆಯಾಗಬೇಕು.

ಸೆಪ್ಟೆಂಬರಿನ ಒಂದು ಭಾನುವಾರ, ಚಂಡಮಾರುತದ ಎಚ್ಚರಿಕೆ ಇದ್ದುದರಿಂದ, ನಾನೂ ನಮ್ಮ ಯಜಮಾನರಾದ ಪದ್ಮನಾಭ ಅವರೂ ಮಗಳು ಇಂದುವೂ ಮನೆಯಲ್ಲೇ ಕುಳಿತು ಅಂತರ್ಜಾಲದಲ್ಲಿ ಬಿಟ್ಟಿ ಸಿಕ್ಕ 'ಕುಂಟ ಕೊಕ್ಕರೆಯ ಸೇಡು' ಎಂಬ ಐವತ್ತು ವರ್ಷ ಹಳೆಯ ಕುಂಗ್‌ಫೂ ಚಿತ್ರವನ್ನು ನೋಡಿದೆವು. ಅದರ ನಿರ್ಮಾಪಕರ ಬಳಿ ಹಣವಿರಲಿಲ್ಲವೆಂಬುದು ತಮಗೆ ತಿಳಿದೇ ಇದೆ. ಯಾರಾದರೂ ಒರಗಿದರೆ ಕೋಟೆಯ ಗೋಡೆ ಅಲುಗಾಡುತ್ತದೆ, ಗುದ್ದು ಬೀಳುವ ಮೊದಲೇ ಗುದ್ದಿನ ಸದ್ದು ಬರುತ್ತದೆ, ನಾಯಕನ ಬಾಯಿ ಮುಚ್ಚಿದ ಮೇಲೂ ಮಾತು ಮುಂದುವರಿಯುತ್ತದೆ. ವಾರವಿಡೀ ಮಿನಾಟೋದ ಕಚೇರಿಯಲ್ಲಿ ಬೇರೆಯವರು ಬರೆದ ಕೋಡ್ ತಿದ್ದುವ ನಮ್ಮ ಯಜಮಾನರು ಸೋಫಾದಿಂದ ಜಾರಿ ಬೀಳುವಂತೆ ನಕ್ಕರು. ಟೀಹೌಸಿನ ಜಗಳದಲ್ಲಿ ಒಬ್ಬ ಮೀಸೆಯವನು ಈಟಿ ತಿವಿಸಿಕೊಂಡು ಸಾಯುತ್ತಿರುವಾಗ ಇಂದು ಥಟ್ಟನೆ, "ಅಮ್ಮಾ, ಅದು ಗೋಮಿ ಓಜೀಸಾನ್" ಎಂದಳು.

ಗೋಮಿ ಓಜೀಸಾನ್ ಎಂದರೆ ಕಸದ ಅಜ್ಜ. ನಮ್ಮ ಪಕ್ಕದ ಮನೆಯ ಕುವಾಬಾರಾ-ಸಾನ್ ಅವರಿಗೆ ಮಕ್ಕಳು ಇಟ್ಟಿರುವ ಹೆಸರು ಅದು. ಕಸ ಹಾಕುವ ಜಾಗಕ್ಕೆ ಬೆಳಿಗ್ಗೆಯೇ ಬಂದು ನಿಂತು, ಕಾಗೆಗಳಿಗೆ ಸಿಗದಂತೆ ಬಲೆ ಹೊದಿಸಿ, ತೆಂಗಿನ ಚಿಪ್ಪನ್ನು ತಪ್ಪಾದ ವಾರ ತಂದವರಿಗೆ ತಲೆಬಾಗಿ ವಂದಿಸಿ ಚಿಪ್ಪನ್ನು ವಾಪಸು ಕೊಡುವವರು ಅವರು. ಚಿತ್ರವನ್ನು ನಿಲ್ಲಿಸಿ ನೋಡಿದೆವು. ಹಿಟ್ಟಿನುಂಡೆಯನ್ನು ಅದುಮಿದಂತಿರುವ ಆ ಎಡಗಿವಿ ಅವರದೇ, ಅನುಮಾನವಿಲ್ಲ. ಮುಂದೆ ಮೀಸೆ ತೆಗೆದು ಸೇತುವೆಯಿಂದ ಬಿದ್ದು ಸತ್ತರು, ಗಡ್ಡ ಅಂಟಿಸಿಕೊಂಡು ವಿಷ ಕುಡಿದು ಸತ್ತರು, ಕಡೆಗೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಛಾವಣಿಯಿಂದ ಉರುಳಿ ಸತ್ತರು. ಬೇರೆ ಬೇರೆ ಜನಕ್ಕೆ ಸಂಬಳ ಕೊಡಲಾಗದ ಕಂಪನಿ ಒಬ್ಬರನ್ನೇ ನಾಲ್ಕು ಸಲ ಕೊಂದಿತ್ತು.

ಚಿತ್ರದ ಕೆಳಗೆ ನೋಡುಗರ ಅಭಿಪ್ರಾಯಗಳಿದ್ದವು. ಒಬ್ಬರಿಗೆ ಬಾಲ್ಯ ನೆನಪಾಗಿತ್ತು. ಇನ್ನೊಬ್ಬರು ಎಲ್ಲರಿಗಿಂತ ಸೇತುವೆಯೇ ಚೆನ್ನಾಗಿ ನಟಿಸಿದೆ ಎಂದಿದ್ದರು. ಇವುಗಳ ನಡುವೆ ಗಿಡಗಂಟಿಗಳ ನಡುವಿನ ಆಲದ ಮರದಂತೆ ವಿರಾಜಿಸುತ್ತಿದ್ದದ್ದು ತಮ್ಮದು. ಒಂದೇ ನಕ್ಷತ್ರ. ನಾಯಕನು ಗೋಡೆ ಹಾರುವುದು ಗುರುತ್ವಾಕರ್ಷಣೆಗೆ ವಿರುದ್ಧವೆಂದು ಸಮೀಕರಣಸಮೇತ ಸಾಬೀತುಪಡಿಸಿ, ಇಂಥ ಚಿತ್ರಗಳಲ್ಲಿ ಗುರುತ್ವಾಕರ್ಷಣೆಗೆ ಪಾತ್ರವೇ ಇರುವುದಿಲ್ಲವೆಂದು ನಂಬಿದ್ದ ನಮ್ಮಂಥ ಪಾಮರರನ್ನು ಉದ್ಧರಿಸಿದ್ದಿರಿ. ಅಷ್ಟಕ್ಕೇ ನಿಲ್ಲದೆ, "ನಾಲ್ಕು ಸಲ ಸಾಯುವ ಆ ಮನುಷ್ಯನಷ್ಟು ಕೆಟ್ಟದಾಗಿ ಸಾಯುವವರನ್ನು ನಾನು ಕಂಡಿಲ್ಲ, ಸೇತುವೆಯಿಂದ ಬೀಳುವ ಮುನ್ನ ಎಲ್ಲಿ ಬೀಳಬೇಕೆಂದು ಬಗ್ಗಿ ನೋಡಿಕೊಳ್ಳುತ್ತಾನೆ" ಎಂದೂ ಬರೆದಿದ್ದಿರಿ.

ಮಾರನೆಯ ಬೆಳಿಗ್ಗೆ ಕಸದ ಚೀಲದೊಂದಿಗೆ ಹೋದವಳು ತಡೆಯಲಾರದೆ ಕೇಳಿದೆ. ಕುವಾಬಾರಾ-ಸಾನ್ ಕೈಯಲ್ಲಿದ್ದ ಬಲೆಯನ್ನು ಕೆಳಗಿಟ್ಟರು. "ಹೌದು, ನಾಲ್ಕು ಸಲ ಸತ್ತೆ. ಐದನೆಯದನ್ನು ಕತ್ತರಿಸಿಬಿಟ್ಟರು" ಎಂದರು. ಜೂಡೋ ಕಲಿಯುತ್ತಿದ್ದ ಪ್ರಾಯದಲ್ಲಿ ಯಾರೋ ಕರೆದರೆಂದು ತೈವಾನಿಗೆ ಹೋಗಿ, ಅದೊಂದು ಚಿತ್ರದಲ್ಲಿ ಬಿದ್ದು, ಹಿಂದಿರುಗಿ ಬಂದು, ಆಮೇಲೆ ಬದುಕೆಲ್ಲ ಸೋಯಾ ಸಾಸಿನ ಲಾರಿ ಓಡಿಸಿದವರಂತೆ. "ಈಗಲೂ ಅದನ್ನು ನೋಡುವವರಿದ್ದಾರೆಯೇ? ಏನನ್ನುತ್ತಾರೆ?" ಎಂದು ಕೇಳಿದರು.

ಮಾನ್ಯರೇ, ನನ್ನ ಜಪಾನೀ ಭಾಷೆ ಅಂಚೆ ಕಚೇರಿಯಲ್ಲಿ ಸಾಲುತ್ತದೆ, ಜ್ವರ ಬಂದರೆ ಡಾಕ್ಟರ ಮುಂದೆ ಸಾಲುತ್ತದೆ. ಆದರೆ ಸುಳ್ಳು ಹೇಳುವಷ್ಟು ಬರುವುದಿಲ್ಲ. ಫೋನಿನಲ್ಲಿ ತಮ್ಮ ವಿಮರ್ಶೆ ತೆರೆದುಕೊಂಡಿತು, ನಾನು ಕಂಡಕಂಡಂತೆ ಅನುವಾದಿಸಿಬಿಟ್ಟೆ. ಅವರು ಅಲುಗಾಡದೆ ಕೇಳಿದರು. ಸೇತುವೆಯ ವಾಕ್ಯವನ್ನು ಮಾತ್ರ ಇನ್ನೊಮ್ಮೆ ಹೇಳಿಸಿದರು. ಆಮೇಲೆ ಟೋಪಿ ತೆಗೆದು, "ಅರಿಗಾತೋ ಗೊಜಾಯಿಮಾಸು" ಎಂದು ಧನ್ಯವಾದ ಹೇಳಿ, ಬಾಗಿ, ಒಳಗೆ ಹೋದರು.

ಅಂದಿನಿಂದ ಅವರು ಕಸದ ಜಾಗಕ್ಕೆ ಬರಲಿಲ್ಲ. ಕಾಗೆಗಳು ಚೀಲ ಹರಿದು ಬೀದಿಗೆಲ್ಲ ಹಬ್ಬ ಮಾಡಿದವು. ಗೋಡೆಯ ಆಚೆಯಿಂದ ಆಗಾಗ ಏನೋ ಧಪ್ಪೆಂದು ಬೀಳುವ ಸದ್ದು ಕೇಳುತ್ತಿತ್ತು. ಅಕ್ಕಿರೊಟ್ಟಿ ಮಾಡಿಕೊಂಡು ಹೋದರೆ, ಅರ್ಧ ಬಾಗಿಲು ತೆರೆದು ತಟ್ಟೆ ತೆಗೆದುಕೊಂಡು, "ಸುಮಿಮಾಸೆನ್, ಕ್ಷಮಿಸಿ, ಸ್ವಲ್ಪ ಕೆಲಸದಲ್ಲಿದ್ದೇನೆ" ಎಂದು ಬಾಗಿಲು ಹಾಕಿಕೊಂಡರು. ನನಗೆ ಊಟ ರುಚಿಸಲಿಲ್ಲ. ನಮ್ಮ ಯಜಮಾನರು, "ಪಾಪ, ವಯಸ್ಸಾದವ್ರು ಕಣೇ. ಎಲ್ರೂ ಚೆನ್ನಾಗಿದೆ ಅಂದಿದಾರೆ ಅಂತ ಹೇಳಿ ಬಿಟ್ಬಿಡೋದಲ್ವಾ" ಎಂದರು. ಹೆಂಡತಿಯನ್ನು ಕಳೆದುಕೊಂಡು ಒಬ್ಬರೇ ಇರುವವರನ್ನು ಒಂದು ವಾಕ್ಯದಿಂದ ಮನೆಯೊಳಗೆ ಕೂಡಿಹಾಕಿದೆವಲ್ಲ ಎಂದು, ಬರೆದ ತಮ್ಮನ್ನೂ ಓದಿದ ನನ್ನನ್ನೂ ಒಟ್ಟಿಗೆ ಶಪಿಸುತ್ತಿದ್ದೆ.

ವಿಮರ್ಶೆಯ ಪಕ್ಕದಲ್ಲಿದ್ದ ಸೈಕಲ್ ಹೆಲ್ಮೆಟ್ಟಿನ ಭಾವಚಿತ್ರವೇ ನಮ್ಮ ಕೂಟದ ಗುಂಪಿನಲ್ಲೂ ಇರುವುದು ಆಗ ಕಣ್ಣಿಗೆ ಬಿತ್ತು. ಕೂಡಲೇ ತಮಗೆ ಫೋನ್ ಮಾಡಿ, ಆ ಒಂದು ವಾಕ್ಯವನ್ನಾದರೂ ಅಳಿಸಿಬಿಡಿ ಎಂದು ಬೇಡಿಕೊಂಡೆ. "ಮೇಡಂ, ಪರ್ಸನಲ್ ಏನೂ ಇಲ್ಲ. ಆದ್ರೆ ರಿವ್ಯೂ ಅಂದ್ಮೇಲೆ ಆಬ್ಜೆಕ್ಟಿವ್ ಆಗಿರ್ಬೇಕಲ್ವಾ? ಆ ಶಾಟಲ್ಲಿ ಅವ್ರು ಕೆಳಗೆ ನೋಡಿದ್ದು ಫ್ಯಾಕ್ಟ್" ಎಂದ ತಾವು, ಫೋನಿಟ್ಟ ಮೇಲೆ ಅವರ ಕಣ್ಣು ಎತ್ತ ತಿರುಗಿದೆಯೆಂದು ಬಾಣದ ಗುರುತು ಹಾಕಿ ಒಂದು ಚಿತ್ರವನ್ನೂ ಕಳಿಸಿದಿರಿ. ಸತ್ಯದ ಮೇಲಿನ ಇಂಥ ನಿಷ್ಠೆಗೆ ಸರ್ಕಾರಗಳು ಪದಕ ಕೊಡದಿರುವುದು ನಾಚಿಕೆಗೇಡು.

ಹಾಗಾಗಿ ನವೆಂಬರಿನ ರಾಜ್ಯೋತ್ಸವ ಕೂಟದಲ್ಲಿ, ಮಕ್ಕಳ ಹಾಡು ಮುಗಿದ ಮೇಲೆ, ಆ ಚಿತ್ರವನ್ನೇ ತೋರಿಸುವುದೆಂದು ನಾನು ಹಟ ಹಿಡಿದೆ. ಜನ ಚಪ್ಪಾಳೆ ತಟ್ಟುವುದನ್ನು ಅವರು ಒಮ್ಮೆ ಕೇಳಲಿ ಎಂಬುದಷ್ಟೇ ನನ್ನ ಆಸೆ. ಕರೆಯಲು ಹೋದಾಗ ಕುವಾಬಾರಾ-ಸಾನ್ ಕೇಳಿದ್ದು ಒಂದೇ ಪ್ರಶ್ನೆ: "ಆ ವಿಮರ್ಶಕರು ಬರುತ್ತಾರೆಯೇ?" ಬರುತ್ತಾರೆ ಎಂದೆ. "ಹಾಗಾದರೆ ಬರುತ್ತೇನೆ" ಎಂದರು. ಜೂಡೋ ಕಲಿತವರಲ್ಲವೇ, ನನಗೆ ಹೆದರಿಕೆಯಾಯಿತು. ಅಂದು ತಮ್ಮನ್ನು ಬಾಗಿಲ ಹತ್ತಿರದ ಜಾಗದಲ್ಲಿ ಕೂರಿಸಿದ್ದು ಗೌರವಕ್ಕೆಂದು ತಾವು ತಿಳಿದಿದ್ದರೆ, ದಯವಿಟ್ಟು ತಿದ್ದಿಕೊಳ್ಳಬೇಕು.

ಕುವಾಬಾರಾ-ಸಾನ್ ಕಪ್ಪು ಸೂಟು ಹಾಕಿಕೊಂಡು ಬಂದು, ಎರಡೂ ಕೈ ಮಂಡಿಯ ಮೇಲಿಟ್ಟು ಕುಳಿತರು. ಮಕ್ಕಳು ಅವರ ಒಂದೊಂದು ಸಾವಿಗೂ ಕೂಗಿ ಚಪ್ಪಾಳೆ ತಟ್ಟಿದರು. ಅವರ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ದೀಪ ಹತ್ತಿದ ಕೂಡಲೇ ಎದ್ದು ನೆಟ್ಟಗೆ ತಮ್ಮ ಬಳಿಗೇ ನಡೆದರು. ನಾನು ವಡೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿಕೊಂಡೆ.

ಅವರು ಸೊಂಟದಿಂದ ಬಾಗಿ ತಮಗೆ ವಂದಿಸಿದರು. ಆಮೇಲೆ ಹೇಳಿದ್ದನ್ನು ನಾನೇ ಅನುವಾದಿಸಿದೆ. "ಸೇತುವೆಯ ಮೇಲೆ ನಾನು ಕೆಳಗೆ ನೋಡಿದ್ದು ನಿಜ. ಕೆಳಗೆ ಹುಲ್ಲು ಹಾಸಿದ್ದಾರೋ ಇಲ್ಲವೋ ಎಂದು ಭಯವಿತ್ತು. ನಿರ್ದೇಶಕರಿಗೆ ಅದು ಕಾಣಲಿಲ್ಲ. ಇಷ್ಟು ವರ್ಷಗಳಲ್ಲಿ ಕಂಡವರು ನೀವೊಬ್ಬರೇ. ನನ್ನ ಹೆಂಡತಿ ಈ ಚಿತ್ರವನ್ನು ನೋಡಲೇ ಇಲ್ಲ. ನೀವು ಸಾಯುವುದನ್ನು ನಾನೇಕೆ ನೋಡಲಿ ಎನ್ನುತ್ತಿದ್ದಳು. ಇನ್ಯಾರೂ ನನ್ನನ್ನು ಅಷ್ಟು ಗಮನವಿಟ್ಟು ನೋಡಿಲ್ಲ. ಇಷ್ಟು ದಿನ ಮನೆಯಲ್ಲಿ ಹಾಸಿಗೆ ಹಾಸಿಕೊಂಡು ತಿದ್ದಿಕೊಂಡಿದ್ದೇನೆ. ಈಗ ಒಮ್ಮೆ ನೋಡಬೇಕು."

ನಾವು ಬೇಡವೆನ್ನುವಷ್ಟರಲ್ಲಿ ಕೋಟು ಕಳಚಿ, ಮಕ್ಕಳು ಕೂತಿದ್ದ ಚಾಪೆಯ ಮೇಲೆ ನಿಂತು, ತಮ್ಮ ಕಣ್ಣಲ್ಲೇ ಕಣ್ಣಿಟ್ಟು, ಎದೆ ಹಿಡಿದುಕೊಂಡು ಹಿಂದಕ್ಕೆ ಬಿದ್ದರು. ಬಿದ್ದವರು ಏಳಲಿಲ್ಲ, ಉಸಿರಾಡುತ್ತಿರುವಂತೆಯೂ ಕಾಣಲಿಲ್ಲ. ಕುರ್ಚಿ ಉರುಳಿಸಿ ಓಡಿ ಹೋಗಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡವರು ತಾವೇ. "ಮೇಡಂ, ಆಂಬುಲೆನ್ಸ್ ಕರೀರಿ, ಬೇಗ" ಎಂದು ಕೂಗಿದವರೂ ತಾವೇ. ಆಗ ಕುವಾಬಾರಾ-ಸಾನ್ ಒಂದು ಕಣ್ಣು ತೆರೆದು, "ಈ ಸಲ ಹೇಗಿತ್ತು?" ಎಂದರು.

"ಸತ್ಯವಾಗ್ಲೂ ಹೋಗ್ಬಿಟ್ರು ಅನ್ಕೊಂಡೆ ಸರ್" ಎಂದಿರಿ ತಾವು, ಕನ್ನಡದಲ್ಲೇ. ನಾನು ಅನುವಾದಿಸಬೇಕಾಗಲಿಲ್ಲ. ತಾವು ಕಣ್ಣೊರೆಸಿಕೊಂಡದ್ದನ್ನು ನೋಡಿದವರು ಬಹಳ ಜನ, ಆದ್ದರಿಂದ ನಿರಾಕರಿಸುವ ಶ್ರಮ ತೆಗೆದುಕೊಳ್ಳಬೇಡಿ.

ಇನ್ನು ದೂರಿಗೆ ಬರುತ್ತೇನೆ. ಅಂದಿನಿಂದ ಪ್ರತಿ ಶನಿವಾರವೂ ತಾವು ತ್ಸುಕುಬಾದಿಂದ ರೈಲು ಬದಲಿಸಿಕೊಂಡು ನಮ್ಮ ಪಕ್ಕದ ಮನೆಗೆ ದಯಮಾಡಿಸುತ್ತಿದ್ದೀರಿ. ಇಬ್ಬರೂ ಕೂತು ಹಳೆಯ ಕುಂಗ್‌ಫೂ ಚಿತ್ರ ನೋಡುತ್ತೀರಿ, ಸತ್ತವರು ಸರಿಯಾಗಿ ಸತ್ತರೋ ಇಲ್ಲವೋ ಎಂದು ಕೈಸನ್ನೆಯಲ್ಲಿ ವಾದಿಸುತ್ತೀರಿ, ವಾದ ಬಗೆಹರಿಯದಿದ್ದರೆ ಬಿದ್ದು ತೋರಿಸುತ್ತೀರಿ. ನಮ್ಮ ಗೋಡೆಯ ಗಡಿಯಾರ ಈಗಾಗಲೇ ಎರಡು ಸಲ ಬಿದ್ದಿದೆ, ಅದೂ ಕೆಳಗೆ ನೋಡದೆ. ನಮ್ಮ ಯಜಮಾನರು ತರಕಾರಿ ತರಲು ಹೋದವರು ನಿಮ್ಮ ಜೊತೆ ಸೇರಿಕೊಳ್ಳುತ್ತಾರೆ. ಇಂದುವಿಗೆ ಗಣಿತದ ಲೆಕ್ಕ ಮಾಡು ಎಂದರೆ ಸೋಫಾದ ಮೇಲೆ ವಿಷ ಕುಡಿದವಳಂತೆ ಸಾಯುತ್ತಾಳೆ. ಇಷ್ಟಾದರೂ ಆ ಚಿತ್ರಕ್ಕೆ ಒಂದೇ ನಕ್ಷತ್ರ ಯಾಕೆಂದು ಕೇಳಿದರೆ, "ನಾನು ಜಾಸ್ತಿ ಮಾಡ್ತೀನಿ ಅಂದೆ ಮೇಡಂ, ಅವ್ರೇ ಬೇಡ ಅಂತಾರೆ, ಪಿಕ್ಚರ್ ಕೆಟ್ಟದ್ದೇ ಅಂತೆ" ಎನ್ನುತ್ತೀರಿ.

ಆದಕಾರಣ, ಶನಿವಾರ ಮಧ್ಯಾಹ್ನಗಳಂದು ಗ್ಯೋಟೋಕುವಿನ ಮಟ್ಟಿಗಾದರೂ ಗುರುತ್ವಾಕರ್ಷಣೆಯನ್ನು ರದ್ದುಪಡಿಸಲು ತಮ್ಮ ಸಂಸ್ಥೆಗೆ ಶಿಫಾರಸು ಮಾಡಬೇಕೆಂದೂ, ಅದು ನಿಯಮಬಾಹಿರವಾದಲ್ಲಿ ತಾವಿಬ್ಬರೂ ಸದ್ದಿಲ್ಲದ ಕಾಯಿಲೆಗಳಿಂದ ಮಾತ್ರ ಸಾಯಬೇಕೆಂದೂ, ಯಾವ ಕಾರಣಕ್ಕೂ ಒಂದು ಶನಿವಾರವನ್ನೂ ತಪ್ಪಿಸಬಾರದೆಂದೂ ಸವಿನಯವಾಗಿ ಪ್ರಾರ್ಥಿಸುತ್ತೇನೆ.

ತಮ್ಮ ವಿಶ್ವಾಸಿ,
ವಸುಂಧರಾ ಪದ್ಮನಾಭ

ತಾ.ಕ.: ಕಳೆದ ವಾರ ನಮ್ಮ ಮನೆಯಲ್ಲಿ ಊಟ ಮಾಡಿದ ತಾವು, ಬಿಸಿಬೇಳೆಬಾತ್ "ಮಧ್ಯಭಾಗದಲ್ಲಿ ಸ್ವಲ್ಪ ಎಳೆಯುತ್ತದೆ, ಗೋಡಂಬಿಯ ಪ್ರವೇಶ ತಡವಾಯಿತು" ಎಂದು ನಮ್ಮ ಯಜಮಾನರಿಗೆ ಸಂದೇಶ ಕಳಿಸಿದ್ದನ್ನು ಅವರು ನನಗೆ ತೋರಿಸಿದ್ದಾರೆ. ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಎರಡನೇ ಸಲ ಬಡಿಸಿಕೊಂಡ ಕುವಾಬಾರಾ-ಸಾನ್ ಅವರ ಅಭಿಪ್ರಾಯ ಬೇರೆಯೇ ಇತ್ತು. ಬರುವ ಶನಿವಾರ ಅಡುಗೆ ತಮ್ಮದು. ಬೇಳೆ ನೆನೆಸಿಟ್ಟಿರುತ್ತೇನೆ, ಏಪ್ರನ್ ಬಾಗಿಲ ಹಿಂದೆ ತೂಗುಹಾಕಿದೆ. ನಾವು ನಾಲ್ವರೂ ಹಸಿದುಕೊಂಡು ಎದುರಿಗೇ ಕುಳಿತಿರುತ್ತೇವೆ, ಮತ್ತು ನಮ್ಮಲ್ಲಿ ಒಬ್ಬರೂ ನಿಷ್ಪಕ್ಷಪಾತಿಗಳಲ್ಲ.