ನಾಲಿಗಿ ಮ್ಯಾಲಿನ ಕರಿ ಮಚ್ಚಿ

ಎಲ್ಲಾರ ಹಣೇಬರಹ ಹಣಿ ಮ್ಯಾಲ ಇರ್ತದ. ನಂದು ನಾಲಿಗಿ ಮ್ಯಾಲ ಇತ್ತು. ಜ್ವಾಳದ ಕಾಳಿನಷ್ಟು ಒಂದು ಕರಿ ಮಚ್ಚಿ. ಅಂಥಾ ನಾಲಿಗಿ ಆಡಿದ ಮಾತು ಖರೇ ಆಗ್ತದ ಅಂತ ನಮ್ಮ ಕಡಿ ಮಂದಿ ನಂಬಿಕಿ. ಹಿಂಗಾಗಿ ನಾ ಬಾಯಿ ತಗದಾಗೊಮ್ಮೆ ಏನರ ಒಂದು ಫಜೀತಿ ಆಗೂದ ಇತ್ತು.

೧. ಮೋಟಾರು

ಆಗ ನಾ ಸೋಲಾಪುರದ ಒಂದು ಕಾಲೇಜಿನಾಗ ಪ್ರಾಣಿಶಾಸ್ತ್ರದ ಲ್ಯಾಬ್ ನೋಡ್ಕೊಂಡಿದ್ದೆ. ಒಮ್ಮೆ ಅವ್ವನ್ನ ಕರಕೊಂಡು ನಮ್ಮೂರು ತಡವಳಕ್ಕ ಹೊಂಟಿದ್ದೆ. ಮೋಟಾರು ಹತ್ತೂ ಮುಂದ ಕಂಡಕ್ಟರಗ, "ಹಿಂದಿನ ಟಾಯರ ಭಾಳ ಸವದದ ನೋಡ್ರಿ, ಒಡದೀತು" ಅಂದೆ. ಅಕ್ಕಲಕೋಟ ದಾಟಿತ್ತೋ ಇಲ್ಲೋ, ಢಬ್! ಎಲ್ಲಾರೂ ಬಿಸಿಲಾಗ ಇಳದು ನಿಂತ್ವಿ.

ಅವ್ವ ಸುಮ್ಮನ ಇರಬಾರದಾ? "ನನ್ನ ಮಗನ ನಾಲಿಗಿ ಮ್ಯಾಲ ಮಚ್ಚಿ ಅದ್ರಿ" ಅಂತ ಹೆಮ್ಮಿಲೆ ಡಂಗುರ ಹೊಡದಳು. ಕಂಡಕ್ಟರ ಬಂದು ಎರಡೂ ಕೈ ಮುಗದ. "ಮಾಸ್ತರ್ರ, ಆದದ್ದಾತು. ಇಂಜಿನ್ ಸುದ್ದಿ ಮಾತ್ರ ತಗೀಬ್ಯಾಡ್ರಿ!"

೨. ಮೂರು ಮನಿ

ನಗೂ ಮಾತು ಹೌದು, ಆದ್ರ ಇದರಿಂದ ನನ್ನ ಲಗ್ನ ನಿಂತಿತ್ತು. ಮೊದಲನೇ ಹೆಣ್ಣು ನೋಡಾಕ ಹೋದಾಗ ಹುಡುಗಿ ಅಪ್ಪ, "ಮಳಿ ಬಂದೀತೇನ್ರಿ?" ಅಂತ ಕೇಳಿದ. "ಬಂದ್ರೂ ಬಂದೀತು" ಅಂದೆ. ಬಂತು. ಮಾಳಿಗಿ ಮ್ಯಾಲ ಒಣಹಾಕಿದ್ದ ಹಪ್ಪಳ ಮತ್ತ ಹಿಟ್ಟಾಗಿ ಕೂತ್ವು. ಸಂಬಂಧ ಅಲ್ಲಿಗೇ ಮುಗೀತು.

ಸುದ್ದಿ ಎರಡನೇ ಮನಿಗಿ ನನಕಿಂತ ಮೊದಲ ಮುಟ್ಟಿತ್ತು. ಮೂರನೇ ಮನ್ಯಾಗ ಬಾಗಲದಾಗೇ ತಡದ್ರು. "ಬರ್ರಿ, ಕೂಡ್ರಿ, ಚಹಾ ಕುಡೀರಿ. ಆದ್ರ ಏನೂ ಅನಬ್ಯಾಡ್ರಿ!"

೩. ಬೆನ್ನಿಂದ ಬಂದ ಪ್ರವಾಸಿ

ವಯಸ್ಸು ಮೂವತ್ತಕ್ಕ ಬಂದಿತ್ತು. ಅವ್ವ ದಿನಾ ಕಣ್ಣೀರು ಹಾಕಾಕಿ. ನನಗೂ ಒಬ್ಬನ ಉಳೀತೀನೇನೋ ಅಂತ ಅಂಜಿಕಿ ಹುಟ್ಟಿತ್ತು.

ನಮ್ಮ ಪ್ರೊಫೆಸರ ಸಾಹೇಬ್ರು ಕೋಳಿ ತತ್ತಿಗಿ ಸಣ್ಣ ಕಿಡಕಿ ಕೊರದು, ಒಳಗ ಮರಿ ಬೆಳೆಯೂದು ನೋಡ್ತಿದ್ರು. ಒಂದಿನ ನಾ ಆಕಳಿಸಿದಾಗ ಅವರ ಕಣ್ಣು ಮಚ್ಚಿ ಮ್ಯಾಲ ಬಿತ್ತು. "ಆ ಕರ, ಆ ಕರ!" ಅಂತ, ಅಂದ್ರ ಬಾಯಿ ತಗಿ ಅಂತ, ಮರಾಠಿಯಾಗ ಕೂಗಿ, ಭೂತಗನ್ನಡಿ ಹಿಡದು ನೋಡಿದ್ರು. ಆಮ್ಯಾಲ ಕೂಡಿಸಿಕೊಂಡು ಹೇಳಿದ್ರು:

"ಕೂಸು ಹೊಟ್ಟ್ಯಾಗಿದ್ದಾಗ ಅದರ ಬೆನ್ನಿನ ನಡುವ ಹೊಲದ ಬದುವಿನಂಥಾ ಒಂದು ಏಣು ಏಳ್ತದ. ಬಣ್ಣದ ಕೋಶ ಹುಟ್ಟೂದು ಅಲ್ಲಿ. ಅಲ್ಲಿಂದ ನಡಕೋತ ಹೊಂಡ್ತಾವ. ಭಾಳಷ್ಟು ತೊಗಲಿಗಿ ಹೋಗ್ತಾವ. ಕೆಲವು ಕಿವಿ ಒಳಗ, ಮಿದುಳಿನ ಪೊರಿಗಿ, ಎದಿಗುಂಡಿಗಿಗೂ ಹೋಗಿ ಕೂಡ್ತಾವ. ನಿನ್ನವು ನಾಕು ನಾಲಿಗಿಗಿ ಬಂದಾವ, ಅಷ್ಟ."

"ಅಂದ್ರ ಇದು ಶಾಪ ಅಲ್ರೀ?"

"ಶಾಪ ಅಲ್ಲೋ, ಪ್ರವಾಸ!"

ನನ್ನ ಎದಿ ಮ್ಯಾಲಿನ ಕಲ್ಲು ಇಳೀತು. ಖುಷಿಲೆ, "ಸರ್, ನಿಮ್ಮ ಪ್ರಯೋಗ ಪಾಸ್ ಆಗ್ತದ" ಅಂದುಬಿಟ್ಟೆ. ಸಾಹೇಬ್ರು ಆಕಡಿ ಈಕಡಿ ನೋಡಿದ್ರು, ಬಾಗಲಾ ಮುಚ್ಚಿದ್ರು. "ಇನ್ನೊಮ್ಮೆ ಅನ್ನು."

೪. ಟಗರು

ಕುರನೂರಾಗ ಕರೇ ನಾಲಿಗಿ ಟಗರು ಅದಾವಂತ, ನೋಡ್ಕೊಂಡು ಬಾ ಅಂತ ಸಾಹೇಬ್ರೇ ಕಳಿಸಿದ್ರು. ಬೋರಿ ಹೊಳಿ ದಂಡಿಗಿ ಹಟ್ಟಿ. ಕುರಿ ಸಾಕಿದ ಯಜಮಾನ ಟಗರಿನ ಗದ್ದ ಹಿಡದು ಬಾಯಿ ತಗಿಸಿದ. "ನಾಲಿಗಿ ಕರೇದಿದ್ರ ಮರಿ ಕರೇವು ಹುಟ್ತಾವ ಅಂತಾರ ನಮ್ಮ ಹಿರ್ಯಾರು. ಕರೇ ಉಣ್ಣಿ ಕಂಬಳಿ ಅಂದ್ರ ಕಂಬಳಿ ನೋಡ್ರಿ!"

ಮಾತಿನ ಭರಕ್ಕ ನಾನೂ "ನಂದೂ ನೋಡ್ರಿ" ಅಂತ ನಾಲಿಗಿ ಚಾಚಿದೆ. ಟಗರಿನ ಗದ್ದ ಬಿಟ್ಟ ಕೈಲೆ ನನ್ನ ಗದ್ದ ಹಿಡದ. ನಾಲಿಗಿ ನೋಡಿದ. ರೂಢಿ ಪ್ರಕಾರ ಹಲ್ಲೂ ಎಣಿಸಿದ.

"ಚಲೋ ಅದಾವ. ಲಗ್ನ ಆಗ್ಯಾದೇನ್ರಿ?"

೫. ಆಯಿ

ಮುಂದಿನ ವಾರ ಅವ್ವನ ಜೋಡಿ ಅದೇ ಮನಿಗಿ ಹೆಣ್ಣು ನೋಡಾಕ ಹೋದೆ. ಹುಡುಗಿ, ಯಜಮಾನನ ಮಗಳು, ಏಳನೇ ಕ್ಲಾಸಿನ ತನಕ ಕಲತಿದ್ದಳು. ಚಹಾ ಕೊಡೂ ಮುಂದ ನನ್ನ ನೋಡಿ ನಕ್ಕಳು. ಅಲ್ಲೇ ನನ್ನ ಜೀವ ಹೋತು.

ಈ ಸಲ ಮುಚ್ಚಿಡಬಾರದು ಅಂತ ಹುಡುಗಿ ಆಯಿ, ಅಂದ್ರ ಮುದುಕಿ ಅಜ್ಜಿ, ಮುಂದ ಕೂತು ಎಲ್ಲಾ ಹೇಳಿದೆ. ಬೆನ್ನು, ಏಣು, ನಡಿಗಿ. "ಅಕ್ಕಲಕೋಟದಾಗ ಮೋಟಾರು ಹತ್ತಿದವರು ಒಬ್ಬೊಬ್ಬರು ಒಂದೊಂದು ಊರಾಗ ಇಳೀತಾರಲ್ರಿ, ಹಂಗ. ಈ ಮಚ್ಚಿಗಿ ಶಕ್ತಿಗಿಕ್ತಿ ಏನೂ ಇಲ್ಲ, ಆಯಿ."

ಆಯಿ ಮಾರಿ ಇಳೀತು. "ಶಕ್ತಿ ಇಲ್ಲಾ? ಅಯ್ಯ ನನ ಶಿವನ! ನಿನ್ನ ನಮ್ಮ ಕುರಿ ಕಾಯೂ ದೇವರು ಬೀರೋಬಾನ ಮುಂದ ನಿಂದ್ರಿಸಿ 'ಕುರನೂರಾಗ ಕುರಿ ನೂರಾಗಲಿ' ಅನಸೂದಿತ್ತೋ! ಅದಕ್ಕ ಕರಸಿದ್ದು!"

ಅವ್ವ ನನ್ನ ತೊಡಿ ಚಿವುಟಿದಳು. ಮಂದಿ ಬ್ಯಾಡ ಅಂದ ನಾಲಿಗಿ ಬೇಕು ಅಂದ ಒಂದೇ ಮನಿ, ಅದನ್ನೂ ನಾನ ಕೆಡಿಸಿದ್ದೆ.

ಅಷ್ಟರಾಗ ಆಯಿ ಹಣಿ ಬಡಕೊಂಡಳು. "ಶಕ್ತಿ ಇತ್ತು! ತಾನ ಇಲ್ಲ ಅಂದ. ಅಂದದ್ದು ಖರೇ ಆತು. ಹೋತು!"

ಒಳಗಿಂದ ಹುಡುಗಿ ದನಿ ಬಂತು. "ಹೋದ್ರ ಹೋಗ್ಲಿ ಬಿಡು ಆಯಿ, ಚಲೋ ಆತು. ಇದ್ದಿದ್ರ ನಾನ ಒಲ್ಲೆ ಅಂತಿದ್ದೆ. ಇನ್ನ ದಿನಾ ಜಗಳಾಡಿದ್ರೂ ಅವರು ಏನಂದ್ರೂ ನನಗ ಅಂಜಿಕಿ ಇಲ್ಲ. ಪಂಚಾಂಗ ತಗಸ್ರಿ!"