ಹಗೇವಮ್ಮ ಕಮಾನು ಕೇಳಿದ್ದು

ಟೇಕಲ್ ಸ್ಟೇಷನ್ನಿನ ಎದುರಿನ ಟೀ ಅಂಗಡಿಯಲ್ಲಿ, ಬೆಂಚಿನ ಮೇಲೆ ಹತ್ತಿ ನಿಂತು, ಚನ್ನರಾಯಪ್ಪ ಮೀಸೆ ಹುರಿ ಮಾಡಿ ಶಪಥ ಮಾಡಿಬಿಟ್ಟ!

"ಕೇಳ್ರಪ್ಪಾ ಎಲ್ಲರೂ! ಈ ಆರಿದ್ರೆ ಮಳೆ ಕಳೆಯೋದ್ರೊಳಗೆ ನಮ್ಮೂರಿನ ಹೆಣ್ಣು ಗಂಡು ಅಷ್ಟೂ ಜನ ನೆಲದ ಮೇಲೆ ಕೂತು, ಪಿಟಕ್ಕನ್ನದೆ, ನನ್ನ ಕ್ಯಾಸೆಟ್ಟಿನ ಒಂದು ಮಗ್ಗುಲು ಪೂರಾ ಕೇಳ್ಬೇಕು. ಕೇಳಿಸದೇ ಹೋದ್ರೆ ಈ ಮೀಸೆ ನನ್ನ ಮುಖದ ಮೇಲಿರಲ್ಲ!"

ಪಕ್ಕದ ಮನೆಯ ಗಾರೆ ಕೆಲಸದ ಮುನಿರಾಮಪ್ಪ ಟೀ ಲೋಟ ಕೆಳಗಿಟ್ಟ. "ಈಗಿಂದ್ಲೇ ನೀರು ಹಚ್ಚಿ ನೆನೆಸಿಟ್ಕೋ ಚನ್ನಣ್ಣಾ. ಬೋಳ್ಸೋ ಹೊತ್ತಿಗೆ ಮೆತ್ತಗಿರುತ್ತೆ."

ಅಂಗಡಿಯೆಲ್ಲ ನಕ್ಕಿತು. ನಗಲಿ ಬಿಡಿ. ಆ ಮೀಸೆ ಸಾಮಾನ್ಯದ್ದಲ್ಲ. ಮಾಸ್ತಿ ಸಂತೆಗೆ ಹೋದರೆ ಎತ್ತಿನ ಕೊಂಬು ನೋಡುವುದನ್ನು ಬಿಟ್ಟು ಜನ ಆ ಮೀಸೆ ನೋಡುತ್ತಿದ್ದರು. ಅಂಥದ್ದನ್ನು ಪಣಕ್ಕಿಟ್ಟನೆಂದರೆ ಚನ್ನರಾಯಪ್ಪನಿಗೆ ಹಾಡಿನ ಹುಚ್ಚು ಎಷ್ಟಿರಬೇಕು!

ಆ ಹುಚ್ಚು ಹತ್ತಿದ್ದು ಬೆಂಗಳೂರಿನಲ್ಲಿ. ಹುರುಳಿಕಾಯಿ ಲಾರಿಯ ಜೊತೆ ಮಾರ್ಕೆಟ್ಟಿಗೆ ಹೋದವನು, ಲಾರಿ ಹೊರಡುವುದು ತಡವಾಯಿತೆಂದು ಸುತ್ತಾಡುತ್ತಾ ಒಂದು ಕಾಲೇಜಿನ ಮುಂದೆ ಹಾದ. ಒಳಗೆ ಗುಡುಗುತ್ತಿತ್ತು. ಆಕಾಶ ನೋಡಿದರೆ ಒಂದು ಮೋಡವೂ ಇಲ್ಲ. ಹೋಗಿ ಇಣುಕಿದ. ಕೂದಲು ಬಿಟ್ಟ ಹುಡುಗರು ಗಿಟಾರು, ಡ್ರಮ್ಮು ಬಾರಿಸುತ್ತಾ ಗಂಟಲು ಹರಿಯುವಂತೆ ಹಾಡುತ್ತಿದ್ದರು. ತಲೆಗೆ ಟವೆಲ್ಲು ಸುತ್ತಿಕೊಂಡ ನಮ್ಮವನು ಬಾಗಿಲಲ್ಲಿ ನಿಂತವನು ನಿಂತೇ ಇದ್ದ. ಲಾರಿ ಹೋಯಿತು. ಹೋದರೆ ಹೋಗಲಿ!

ಹಾಡು ಮುಗಿದ ಮೇಲೆ ಗಿಟಾರಿನವನು ಬಟ್ಟೆ ಚೀಲದಿಂದ ಕ್ಯಾಸೆಟ್ಟು ತೆಗೆದು ಮಾರತೊಡಗಿದ. "ಯಾವ ಕಂಪನೀದಪ್ಪಾ?" ಎಂದು ಚನ್ನರಾಯಪ್ಪ ಕೇಳಿದ. "ಕಂಪನಿ ಗಿಂಪನಿ ಏನೂ ಇಲ್ಲ ಅಂಕಲ್. ನಾವೇ ಕಟ್ತೀವಿ, ನಾವೇ ಹಾಡ್ತೀವಿ, ನಾವೇ ಮಾರ್ತೀವಿ."

ಚನ್ನರಾಯಪ್ಪನ ಕಣ್ಣಲ್ಲಿ ನೀರು ಬಂತು. ಜನ್ಮವೆಲ್ಲ ತರಕಾರಿ ಬೆಳೆದು ದಲ್ಲಾಳಿಯ ಬಾಯಿ ನೋಡಿದವನು ಅವನು. ದಲ್ಲಾಳಿಯೇ ಇಲ್ಲದ ಫಸಲನ್ನು ಕಂಡದ್ದು ಅಂದೇ!

ಆಮೇಲೆ ರೇಷ್ಮೆಗೂಡಿನ ಬೆಳೆ ಚೆನ್ನಾಗಿ ಬಂದ ಸಲ ಎರಡು ಕ್ಯಾಸೆಟ್ಟು ಹಿಡಿಯುವ ದೊಡ್ಡ ಟೇಪ್‌ರೆಕಾರ್ಡರು ಮನೆಗೆ ಬಂತು. ಆ ಹುಡುಗರ ಬ್ಯಾಂಡಿನ ಹೆಸರು ರಸ್ಟಿ ಗೇಟ್. ಚನ್ನರಾಯಪ್ಪ ಅರ್ಥ ಕೇಳಿ ತಿಳಿದುಕೊಂಡು 'ತುಕ್ಕು ಗೇಟಿನವರು' ಎಂದೇ ಕರೆಯುತ್ತಿದ್ದ. ಬೆಂಗಳೂರಿಗೆ ಹೋದಾಗಲೆಲ್ಲ, ಎಮ್ಮೆ ಕರು ಹಾಕಿತೇ ಎಂದು ವಿಚಾರಿಸುವಂತೆ, "ಹೊಸದು ಬಂತೇನ್ರಪ್ಪಾ?" ಎಂದು ವಿಚಾರಿಸಿ ತರುತ್ತಿದ್ದ. ತಂದದ್ದನ್ನು ಸುಮ್ಮನೆ ಕೇಳುವ ಆಸಾಮಿಯೂ ಅಲ್ಲ! ಮಳೆಗೊಂದರಂತೆ ಹಾಡು ಆರಿಸಿ, ಬೇರೆ ಬೇರೆ ಕ್ಯಾಸೆಟ್ಟಿಗೆ ತುಂಬುತ್ತಿದ್ದ. ರೋಹಿಣಿ ಮಳೆಗೆ ನಿಧಾನದ ಹಾಡು, ಹದ ನೋಡಿ ಬಿತ್ತಿದ ಹಾಗೆ. ಮೃಗಶಿರಕ್ಕೆ ಗಾಳಿ ಬೀಸುವ ಹಾಡು. ಆರಿದ್ರೆಗೆ ಡ್ರಮ್ಮೋ ಡ್ರಮ್ಮು!

ಹೆಂಡತಿ ಗಂಗರತ್ನಮ್ಮನಿಗೆ ಮಾತ್ರ ಇದೊಂದೂ ಹಿಡಿಸದು.

"ರಾಕ್ ಅಂದ್ರೆ ಏನ್ರೀ?"

"ಬಂಡೆ ಕಣೇ."

"ಟೇಕಲ್ ಬೆಟ್ಟದ ತುಂಬ ಬಿದ್ದಿರೋದು ಸಾಲ್ದೂಂತ ದುಡ್ಡು ಕೊಟ್ಟು ಬೇರೆ ತಂದ್ರಾ?"

"ಅದರ ಸೊಗಸು ನಿನಗೇನ್ ಗೊತ್ತು!"

"ತುಕ್ಕು ಗೇಟು ಅಂತ ಹೆಸರೇನೋ ಸರ್ಯಾಗಿ ಇಟ್ಕೊಂಡವ್ರೆ. ಒಂಚೂರು ಎಣ್ಣೆ ಬಿಡೋಕ್ ಹೇಳಿ."

"ಲೇ ರತ್ನಾ, ಇಂಗ್ಲಿಷು ಬರ್ದಿದ್ರೆ ಏನಾಯ್ತೇ? ಗುಡುಗು ಯಾವ ಭಾಷೇಲಿ ಮಾತಾಡುತ್ತೆ?"

"ಗುಡುಗಿದ ಮೇಲೆ ಮಳೆನಾದ್ರೂ ಬರುತ್ತೆ. ನಿಮ್ಮ ಡಬ್ಬ ಗುಡುಗಿದ್ರೆ ನನಗೆ ತಲೆನೋವು ಬರುತ್ತೆ."

ಶಪಥ ಮಾಡಿದ ಮರುದಿನವೇ ತುಕ್ಕು ಗೇಟಿನವರ ಹೊಸ ಹಾಡುಗಳು ಸೇರಿ ಆರಿದ್ರೆ ಕ್ಯಾಸೆಟ್ಟು ತಯಾರಾಯಿತು. ಆದರೆ ಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ ಅಲುಗದೆ ಕೂರುವುದಕ್ಕೇ ನಮ್ಮ ಕಡೆ ಜ್ವರ ಎನ್ನುವುದು. ಆಗ ಗಂಗರತ್ನಮ್ಮ ಆ ಮನೆಯಲ್ಲಿ ಸೊಳ್ಳೆಯನ್ನೂ ಗುಂಯ್‌ಗುಡಲು ಬಿಡುತ್ತಿರಲಿಲ್ಲ.

"ನೋಡಿ, ಹುಳ ಜ್ವರದಿಂದ ಏಳೋವರ್ಗೂ ಆ ಡಬ್ಬದ ಸದ್ದು ನನ್ನ ಕಿವಿಗೆ ಬೀಳಬಾರ್ದು. ಬಿತ್ತೋ, ಆವನಿ ಊರಿನ ನನ್ನ ತಮ್ಮನ ಮನೆಗೆ ಕಳಿಸಿಬಿಡ್ತೀನಿ."

"ಡಬ್ಬಾನ?"

"ಡಬ್ಬಾನೂ, ನಿಮ್ಮನ್ನೂ!"

ಹೊಸ ಕ್ಯಾಸೆಟ್ಟು ಕೈಯಲ್ಲಿಟ್ಟುಕೊಂಡು ಕೇಳದೆ ಇರುವುದೆಂದರೆ, ಬಿಸಿ ಹೋಳಿಗೆ ಎದುರಿಗಿಟ್ಟು ಕೈ ಕಟ್ಟಿದ ಹಾಗೆ. ಒಂದು ದಿನ ತಡೆದ. ಮಾರನೆಯ ದಿನ ಊಟವಾದ ಮೇಲೆ ಹಿತ್ತಲ ಕಣದಲ್ಲಿ ಅಡ್ಡಾಡುವಾಗ ಅವನ ಕಣ್ಣು ಹಗೇವಿನ ಮೇಲೆ ಬಿತ್ತು. ಹಗೇವು ಎಂದರೆ ರಾಗಿ ತುಂಬಿಡುವ ನೆಲದೊಳಗಿನ ಗುಡಾಣ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ಆಳ ಒಂದೂವರೆ ಆಳು. ಬಿತ್ತನೆಗೆಂದು ರಾಗಿಯೆಲ್ಲ ತೆಗೆದು, ಬಾಯಿಯ ಚಪ್ಪಡಿ ಸರಿಸಿ ಗಾಳಿಗೆ ಬಿಟ್ಟಿದ್ದರು. ನೆಲದೊಳಗೆ ಕೂತು ಕೇಳಿದರೆ ಹುಳಕ್ಕೂ ಕೇಳದು, ಹೆಂಡತಿಗೂ ಕೇಳದು! ತನ್ನ ಬುದ್ಧಿಗೆ ತಾನೇ ಬೆರಗಾದ. ಹಿರಿಯರು ಹೇಳಿಕೊಟ್ಟಂತೆ ಮೊದಲು ದೀಪ ಇಳಿಬಿಟ್ಟು ನೋಡಿದ. ಆರಲಿಲ್ಲ, ಗಾಳಿ ಚೆನ್ನಾಗಿದೆ. ಏಣಿ ಇಳಿಸಿ, ಟೇಪ್‌ರೆಕಾರ್ಡರನ್ನು ಕೂಸಿನಂತೆ ಎದೆಗವಚಿಕೊಂಡು ಇಳಿದ.

ಇಳಿದು ಬ್ಯಾಟರಿ ಹಾಕುತ್ತಾ ಕೂತಿದ್ದಾಗ ಮೇಲೆ ಸರಸರ ಸದ್ದಾಯಿತು. ತಲೆಯೆತ್ತಿದರೆ ಏಣಿ ಆಕಾಶಕ್ಕೆ ಏರುತ್ತಿದೆ! ಮಳೆ ಬರುವ ಮುಂಚೆ ಹೆಂಚು ಸರಿಮಾಡಬೇಕೆಂದು ಮುನಿರಾಮಪ್ಪ ಎಳೆದುಕೊಂಡು ಹೋದದ್ದು. ಬೇರೆ ಯಾರಾದರೂ ಆಗಿದ್ದರೆ ಬಾಯಿ ಬಡಿದುಕೊಳ್ಳುತ್ತಿದ್ದರು. ಚನ್ನರಾಯಪ್ಪ ಕೈಯಲ್ಲಿದ್ದ ಕ್ಯಾಸೆಟ್ಟು ನೋಡಿದ. 'ಏಣಿ ಎಲ್ಲಿಗೆ ಹೋಗುತ್ತೆ? ಮೊದಲು ಹಾಡು' ಎಂದು ಗುಂಡಿ ಒತ್ತಿದ.

ಅಯ್ಯೋ, ಆ ಸದ್ದು! ಹಗೇವು ನೆಲದೊಳಗಿರುತ್ತದೆ ನಿಜ, ಆದರೆ ಅದಕ್ಕೆ ಬಾಯಿಯೂ ಇರುತ್ತದೆ ಎಂಬುದನ್ನು ಪುಣ್ಯಾತ್ಮ ಮರೆತಿದ್ದ. ಒಳಗೆ ಒಂದು ಡ್ರಮ್ಮು ಬಡಿದರೆ ಹೊರಗೆ ಹತ್ತು ತಮಟೆ!

ಕಣದ ಬದಿಯಲ್ಲಿ ಸಗಣಿ ತಟ್ಟುತ್ತಿದ್ದ ಅಂಜಮ್ಮನ ಕೈ ಹಾಗೇ ನಿಂತಿತು. ಊರಿಗೆಲ್ಲ ಹಿರಿಯ ಮುದುಕಿ ಆಕೆ. ಕಾಲ ಕೆಳಗಿನ ನೆಲ ದಡದಡ ನಡುಗುತ್ತಿದೆ, ಒಳಗಿಂದ ಯಾರೋ ಕೂಗುತ್ತಿದ್ದಾರೆ.

"ಬನ್ರೋ! ಹಗೇವಿನಾಗೆ ಅಮ್ಮ ಎದ್ದವ್ಳೆ! ಬನ್ರೋ!"

ಊರಿಗೆ ಊರೇ ಬಂತು. ಮುನಿರಾಮಪ್ಪ ಹೆಂಚು ಬಿಟ್ಟು ಬಂದ. ಮಿಲಿಟರಿ ಮೆಸ್ಸಿನಲ್ಲಿ ಅಡುಗೆ ಮಾಡಿ ನಿವೃತ್ತನಾದ ದೊಡ್ಡವೆಂಕಟಪ್ಪ ಚಡ್ಡಿ ಏರಿಸಿಕೊಳ್ಳುತ್ತಾ ಬಂದ. ಗಂಗರತ್ನಮ್ಮ ಸೊಪ್ಪು ಕೊಚ್ಚುವ ಕತ್ತಿ ಹಿಡಿದೇ ಬಂದಳು.

"ಯಾರೂ ಮಾತಾಡ್ಬ್ಯಾಡಿ! ಎಲ್ಲ ನೆಲದ ಮ್ಯಾಲೆ ಕೂತ್ಕೊಳ್ಳಿ! ಅಮ್ಮ ಹೇಳೋದು ಮುಗಿಯೋವರ್ಗೂ ಪಿಟಕ್ಕನ್ನಬಾರ್ದು!" ಎಂದು ಅಂಜಮ್ಮ ಅಪ್ಪಣೆ ಮಾಡಿದಳು.

ಒಳಗೆ ಚನ್ನರಾಯಪ್ಪ ಬಾಯಿ ತೆರೆದು ಕೂಗಲು ಹೊರಟಿದ್ದ. ಆ ಮಾತು ಕಿವಿಗೆ ಬಿತ್ತು, ತೆರೆದ ಬಾಯಿ ಗಪ್ಪನೆ ಮುಚ್ಚಿತು. ನೆಲದ ಮೇಲೆ ಕೂತು! ಪಿಟಕ್ಕನ್ನದೆ! ಹೆಣ್ಣು ಗಂಡು ಅಷ್ಟೂ ಜನ! ಇದು ಅವನದೇ ಶಪಥ, ಅಕ್ಷರ ತಪ್ಪದೆ! ಇನ್ನು ಬೇಕಾದದ್ದು ಒಂದೇ, ಒಂದು ಮಗ್ಗುಲು ಪೂರ್ತಿ ಓಡಬೇಕು. ಕ್ಯಾಸೆಟ್ಟನ್ನು ಸರ್ರನೆ ಮೊದಲಿಗೆ ಸುತ್ತಿ, ಮತ್ತೆ ಗುಂಡಿ ಒತ್ತಿ, ಮಿಸುಕದೆ ಕೂತ. ಮೇಲಿಂದ ಹಾಲು ಬಿತ್ತು, ಟೇಪ್‌ರೆಕಾರ್ಡರಿಗೆ ಟವೆಲ್ಲು ಹೊದಿಸಿ ತನ್ನ ತಲೆಯನ್ನೇ ಒಡ್ಡಿದ. ಅರಿಶಿನದ ನೀರು ಬಿತ್ತು, ಒಡ್ಡಿದ. ಒಡೆದ ತೆಂಗಿನಕಾಯಿಯ ಒಂದು ಹೋಳೂ ಬಿತ್ತು. ಅದಕ್ಕೂ ಒಡ್ಡಿದ! ಮೀಸೆಗಾಗಿ ತಲೆ ಕೊಟ್ಟ ಗಂಡು!

ಕೊನೆಯ ಹಾಡು ಶುರುವಾಯಿತು. ತುಕ್ಕು ಗೇಟಿನವರ ಹೊಚ್ಚ ಹೊಸ ಹಾಡು. ಅದರಲ್ಲಿ ಗಳಿಗೆಗೊಂದು ಸಲ "ಕಮಾನ್! ಕಮಾನ್!" ಎಂಬ ಕೂಗು.

ಮುನಿರಾಮಪ್ಪನ ಕಿವಿ ನಿಮಿರಿತು. ಗಾರೆಯವನ ಕಿವಿ! "ಕೇಳಿದ್ರಾ? ಅಮ್ಮ ಕಮಾನು ಕೇಳ್ತಾವ್ಳೆ. ಹಗೇವಿನ ಬಾಯಿಗೆ ಚಪ್ಪಡಿ ಎಳೆದು, ಮ್ಯಾಲೊಂದು ಕಮಾನು ಕಟ್ಟಿಸ್ಬೇಕಂತೆ!" ಎಂದು ಪಿಸುಗುಟ್ಟಿದ.

"ಅಲ್ಲ ಕಣ್ಲಾ, ಅದು ಇಂಗ್ಲಿಷು. ಕಮಾನ್ ಅಂದ್ರೆ ಬಾ ಅಂತ," ಎಂದ ದೊಡ್ಡವೆಂಕಟಪ್ಪ.

ಅಂಜಮ್ಮ ತಿರುಗಿಬಿದ್ದಳು. "ನಮ್ಮಮ್ಮ ಯಾಕೋ ಇಂಗ್ಲಿಷಾಗೆ ಮಾತಾಡ್ತಾಳೆ? ಮಿಲಿಟ್ರೀಲಿ ಚಪಾತಿ ಸುಟ್ಟವ್ನು, ನೀನು ದೇವ್ರ ಮಾತು ತಿದ್ದೋನಾ? ಕೂತ್ಕೋ!"

ದೊಡ್ಡವೆಂಕಟಪ್ಪ ಕೂತ. ಅಷ್ಟರಲ್ಲಿ ಬ್ಯಾಟರಿ ಸೋಲತೊಡಗಿತು. ಹಾಡು ನಿಧಾನವಾಯಿತು, ದನಿ ಗೊಗ್ಗರವಾಯಿತು. "ಕ...ಮಾ...ನ್..."

"ಅಮ್ಮಂಗೆ ಕ್ವಾಪ ಬಂತು! ಎಳೀರೋ ಚಪ್ಪಡೀನ!"

ಗಂಡಸರು ಚಪ್ಪಡಿಗೆ ಹಾರೆ ಹಾಕಿದರು. ಕೆಳಗೆ ಚನ್ನರಾಯಪ್ಪ ಟೇಪ್‌ರೆಕಾರ್ಡರಿನ ಬೆನ್ನು ಸವರುತ್ತಾ, "ಇನ್ನೊಂಚೂರು ನನ್ನಪ್ಪಾ, ಇನ್ನೊಂಚೂರು" ಎಂದು ಬೇಡುತ್ತಿದ್ದ. ಒಂದು ಕಡೆ ಚಪ್ಪಡಿ ಬರುತ್ತಿದೆ, ಇನ್ನೊಂದು ಕಡೆ ಹಾಡು ಕುಂಟುತ್ತಿದೆ. ಡ್ರಮ್ಮಿನ ಕೊನೆಯ ಪೆಟ್ಟು ಮುದಿ ಎತ್ತಿನಂತೆ ಕಾಲೆಳೆದುಕೊಂಡು ಬಂತು, ಬಿತ್ತು. ಗುಂಡಿ ತಾನಾಗಿ ಟಕ್ಕೆಂದು ಮೇಲೆದ್ದಿತು. ಮಗ್ಗುಲು ಪೂರ್ತಿ! ಗೆದ್ದೆ! ಕತ್ತಲ ಗುಂಡಿಯಲ್ಲಿ, ಹಾಲು ಅರಿಶಿನ ಸುರಿಯುವ ಮುಖದಲ್ಲಿ, ಮೀಸೆ ತಿರುವಿದ.

ಅಷ್ಟರಲ್ಲಿ ಅಂಜಮ್ಮ ಸಾಂಬ್ರಾಣಿ ಹೊಗೆಯ ಕೆಂಡದ ತಟ್ಟೆಯನ್ನು ಹಗೇವಿನ ಬಾಯಿಗೆ ಹಿಡಿದಳು. ಹೊಗೆ ಒಳಗಿಳಿಯಿತು.

"ಖೊಕ್! ಖೊಕ್! ಖ್ಹಾ!"

"ಅಮ್ಮ ಕೆಮ್ಮಿದ್ಳು!" ಎಂದು ಜನ ಕೈ ಮುಗಿದರು.

ಗಂಗರತ್ನಮ್ಮ ಮಾತ್ರ ಕೈ ಮುಗಿಯಲಿಲ್ಲ. ಮದುವೆಯಾದಂದಿನಿಂದ ದಿನಾ ಬೆಳಿಗ್ಗೆ ಕೇಳಿದ ಬೀಡಿ ಕೆಮ್ಮು ಅದು. ಒಂದು ಕ್ಷಣ ಹಗೇವು ನೋಡಿದಳು, ಒಂದು ಕ್ಷಣ ಚಪ್ಪಡಿ ನೋಡಿದಳು. ನಿಜ ಹೇಳಿದರೆ ಹಾಲು ಸುರಿದ ಜನ ಗಂಡನ ಚರ್ಮ ಸುಲಿಯುತ್ತಾರೆ. ಹೇಳದಿದ್ದರೆ ಗಂಡನ ಮೇಲೆ ಕಮಾನು ಏಳುತ್ತದೆ. ಕತ್ತಿ ಬಿಸಾಕಿದಳು, ತುರುಬು ಬಿಚ್ಚಿದಳು, ಕೂದಲು ಕೆದರಿ ಗರಗರ ತಿರುಗಿದಳು!

"ಒರೇಯ್!"

ಅಮ್ಮ ಮೈಮೇಲೆ ಬಂದರೆ ನಮ್ಮ ಕಡೆ ತೆಲುಗೇ ತಾನೆ! ಜನ ದಬಕ್ಕನೆ ಅಡ್ಡಬಿದ್ದರು.

"ಕಮಾನೂ ವದ್ದು, ಚಪ್ಪಡೀ ವದ್ದು! ಏನೂ ಬ್ಯಾಡ! ನನ್ನ ಬಾಯಿ ಮುಚ್ತೀರೇನ್ರೋ?"

"ತಪ್ಪಾಯ್ತಮ್ಮಾ! ಇನ್ನೇನು ಕೊಡೋಣ ತಾಯಿ?" ಎಂದು ಮುನಿರಾಮಪ್ಪ ನೆಲಕ್ಕೆ ಹಣೆ ಹಚ್ಚಿಯೇ ಕೇಳಿದ.

"ಈ ಹಗೇವಿನ ಯಜಮಾನ ಚನ್ನರಾಯ! ಅವನ ಮೀಸೆ ನನಗೆ ಬೇಕು!"

ಹಗೇವಿನ ಒಳಗೆ ಏನೋ ದೊಪ್ಪನೆ ಬಿದ್ದ ಸದ್ದಾಯಿತು.

"ಹುಳದ ಮನೆ ಕಸ ದಿನಾ ಅವನೇ ಬಳೀಬೇಕು! ಹೆಂಡ್ತಿಗೆ ಎದುರಾಡಬಾರ್ದು! ಕೇಳಿಸ್ತೇನ್ಲಾ?" ಗಂಡನನ್ನು ಏಕವಚನದಲ್ಲಿ ಕರೆಯುವ ಯೋಗ ಇನ್ನೊಮ್ಮೆ ಬರುತ್ತದೋ ಇಲ್ಲವೋ! ಹಗೇವಿನ ಬಾಯಿಗೇ ಬಗ್ಗಿ ಇನ್ನೊಂದು ಸಲ ಕೂಗಿದಳು. "ಕೇಳಿಸ್ತೇನ್ಲಾ?"

"ಹೂಂ," ಎಂದಿತು ಹಗೇವು.

"ಅಂದರೂ ಪೋಂಡ್ರಾ! ಎಲ್ರೂ ಮನೆಗೋಗಿ ಬಾಗಿಲು ಹಾಕ್ಕೊಳ್ಳಿ! ಹಿಂದಕ್ಕೆ ತಿರುಗಿ ನೋಡಿದ್ರೆ ಕಣ್ಣು ಹೋದಾವು!"

ಕಣ ಖಾಲಿಯಾಯಿತು. ಗಂಗರತ್ನಮ್ಮ ತುರುಬು ಕಟ್ಟಿಕೊಂಡು, ಮುನಿರಾಮಪ್ಪನ ಗೋಡೆಗೆ ಒರಗಿದ್ದ ಏಣಿ ತಂದು ಇಳಿಬಿಟ್ಟಳು. ಹಾಲು, ಅರಿಶಿನ ಬಳಿದುಕೊಂಡು, ಕಂಕುಳಲ್ಲಿ ಟೇಪ್‌ರೆಕಾರ್ಡರು ಹಿಡಿದು ಚನ್ನರಾಯಪ್ಪ ಮೇಲೆ ಬಂದ.

"ಗೆದ್ದೆ ಕಣೇ ರತ್ನಾ! ಊರೆಲ್ಲ ನೆಲದ ಮೇಲೆ ಕೂತು, ಪಿಟಕ್ಕನ್ನದೆ, ಒಂದು ಮಗ್ಗುಲು ಪೂರಾ ಕೇಳ್ತು! ಮೀಸೆ ಉಳೀತು!"

"ಗೆದ್ರಿ. ಯಾರು ಇಲ್ಲ ಅಂದ್ರು? ಹೋಗಿ ಊರಲ್ಲಿ ಹೇಳ್ಕೊಂಡು ಬನ್ನಿ."

ಚನ್ನರಾಯಪ್ಪ ಎರಡು ಹೆಜ್ಜೆ ಇಟ್ಟವನು ನಿಂತ. ಗೆದ್ದದ್ದು ಹೇಳಬೇಕಾದರೆ ಹಗೇವಿನಲ್ಲಿದ್ದವರು ಯಾರೆಂದೂ ಹೇಳಬೇಕು.

"ಹಂಗಾರೆ... ಮೀಸೆ?"

"ಅಮ್ಮ ಕೇಳವ್ಳಲ್ಲ, ಕೊಡ್ಬೇಕು," ಎಂದು ಗಂಗರತ್ನಮ್ಮ ಟವೆಲ್ಲಿನಿಂದ ಅವನ ಮುಖ ಒರೆಸಿದಳು. ಒರೆಸುತ್ತಾ ಅಂದಳು, "ಡಬ್ಬ ಎಲ್ಲಿಗೂ ಕಳ್ಸಲ್ಲ ಬಿಡಿ. ಆ ಕೊನೇದು, ದಬದಬ ಅಂತಲ್ಲ, ಪರವಾಗಿಲ್ಲ." ಸಂಜೆ ಜ್ವರದಿಂದೆದ್ದ ಹುಳಕ್ಕೆ ಸೊಪ್ಪು ಕೊಚ್ಚುವಾಗ ಅವಳ ಕತ್ತಿ ಆ ಹಾಡಿನ ತಾಳಕ್ಕೇ ಬೀಳುತ್ತಿದ್ದುದನ್ನು ಚನ್ನರಾಯಪ್ಪ ಕದ್ದು ಕೇಳಿ ಹಿಗ್ಗಿದ.

ಮಾರನೆಯ ದಿನ ಬೋಳು ಮೂತಿಯಲ್ಲಿ, ಆದರೆ ಎದೆ ಸೆಟೆಸಿಕೊಂಡೇ, ಟೀ ಅಂಗಡಿಗೆ ಹೋದ. ಅಮ್ಮನಿಗೆ ಮೀಸೆ ಕೊಟ್ಟ ಪುಣ್ಯವಂತನೆಂದು ಜನ ಎದ್ದು ಬೆಂಚು ಬಿಟ್ಟುಕೊಟ್ಟರು. ಮುನಿರಾಮಪ್ಪನ ಕಣ್ಣಲ್ಲಿ ಭಕ್ತಿ ಇನ್ನೂ ಆರಿರಲಿಲ್ಲ.

"ನೀನು ಎಲ್ಲಿ ಹಾಳಾಗ್ಹೋಗಿದ್ದೆ ಚನ್ನಣ್ಣಾ? ನಿನ್ನೆ ನಮ್ಮಮ್ಮನ ಹಾಡು ನೀನು ಕೇಳ್ಬೇಕಾಗಿತ್ತು! ಎಂಥಾ ತಾಳ, ಎಂಥಾ ಗಂಟಲು! ಮೈಯೆಲ್ಲ ಜುಮ್ಮಂದುಬಿಡ್ತು. ನೀನೂ ಇಷ್ಟು ದಿನದಿಂದ ಡಬ್ಬ ಹೊತ್ಕೊಂಡು ತಿರುಗ್ತೀಯಲ್ಲಾ, ಅದ್ರಾಗೆ ಅಂಥದ್ದೊಂದು ಹಾಡು ಐತಾ?"

ಚನ್ನರಾಯಪ್ಪ ಗೆದ್ದವನ ಗತ್ತಿನಿಂದ ಮೀಸೆ ತಿರುವಲು ಕೈ ಎತ್ತಿದ. ಅಲ್ಲಿ ಏನಿತ್ತು, ಮೂಗು ತುರಿಸಿಕೊಂಡ.