ಐವತ್ತೈದು ದಾಟಿದ ನೌಕರರು ಈಜು, ಸೈಕಲ್ ಮತ್ತು ಓಟದಲ್ಲಿ ಪಾಲಿಸತಕ್ಕ ನಿಧಾನದ ಬಗ್ಗೆ

ಕಡತ ಸಂರಕ್ಷಣಾ ಇಲಾಖೆ
ಸುತ್ತೋಲೆ ಸಂಖ್ಯೆ: ಕಸಂಇ/ಟ್ರಯಾಥ್ಲಾನ್/ಏದುಸಿರು/2

ವಿಷಯ: ಟ್ರಯಾಥ್ಲಾನ್ ಎಂಬ ಸ್ಪರ್ಧೆಯಲ್ಲಿ (ಮೊದಲು ಈಜು, ಅದರ ಮೇಲೆ ಸೈಕಲ್, ಅದೂ ಸಾಲದೆಂಬಂತೆ ಓಟ) ಭಾಗವಹಿಸುವ ಹಿರಿಯ ನೌಕರರ ವೇಗ ನಿಯಂತ್ರಣ.

ಉಲ್ಲೇಖ:
1. ಕಡತ ಕೊಠಡಿಯ ಮೇಲ್ವಿಚಾರಕರ ರಜೆ ಅರ್ಜಿ (ಕಾರಣ: ‘ಸ್ವಂತ ಕಾಲುಗಳು’).
2. ಸದರಿಯವರ ಪತ್ನಿಯ ಮೌಖಿಕ ಆಕ್ಷೇಪಣೆ, ಮೂರು ಬಾರಿ.
3. ಸಂಘಟಕರ ಫಲಿತಾಂಶ ಪಟ್ಟಿ, ಕೊನೆಯ ಪುಟ.

ಪ್ರಸ್ತಾವನೆ:

ಕಡತ ಕೊಠಡಿಯ ಮೇಲ್ವಿಚಾರಕರು (ವಯಸ್ಸು ಐವತ್ತೆಂಟು, ಸಹೋದ್ಯೋಗಿಗಳ ಬಾಯಲ್ಲಿ ‘ನಿಧಾನಪ್ಪ’) ಕಳೆದ ವರ್ಷ ಕೆರೆಯ ಬಳಿ ನಡೆದ ಸ್ಪರ್ಧೆಗೆ ಹೆಸರು ಕೊಟ್ಟಿದ್ದು ಎಲ್ಲರಿಗೂ ತಿಳಿದ ಸಂಗತಿ. ಒಂದು ಕಡತವನ್ನು ಪಕ್ಕದ ಮೇಜಿಗೆ ದಾಟಿಸಲು ಹನ್ನೊಂದು ದಿನ ತೆಗೆದುಕೊಳ್ಳುವ ಸದರಿಯವರಿಗೆ ನಿಧಾನವನ್ನು ಹೊಸದಾಗಿ ಕಲಿಸುವ ಅಗತ್ಯವಿಲ್ಲವೆಂದು ಇಲಾಖೆಯು ಭಾವಿಸಿತ್ತು. ಈ ಭಾವನೆ ತಪ್ಪೆಂಬುದು ನೀರಿಗಿಳಿದ ನಾಲ್ಕನೆಯ ನಿಮಿಷದಲ್ಲಿ ಸಾಬೀತಾಯಿತು.

ಸೀಟಿ ಊದಿದೊಡನೆ ಸದರಿಯವರು ಇಪ್ಪತ್ತೈದರ ಪ್ರಾಯದ ಈಜುಗಾರನೊಬ್ಬನ ಹಿಮ್ಮಡಿಯನ್ನು ಗುರಿಯಾಗಿಟ್ಟುಕೊಂಡು ಕೈ ಬೀಸತೊಡಗಿದರು. ಮೊದಲ ತಿರುವಿನವರೆಗೆ ಮೂರನೆಯವರಾಗಿದ್ದರು. ಸೈಕಲ್ ಏರಿದ ಮೇಲೆ, ದಡದಲ್ಲಿ ನಿಂತಿದ್ದ ಪತ್ನಿಯತ್ತ ಒಂದು ಕೈ ಬಿಟ್ಟು ಮುಗುಳ್ನಕ್ಕರೆಂದು ವರದಿಯಾಗಿದೆ. ಆರಂಭಶೂರತ್ವವು ಹದಿನಾಲ್ಕನೆಯ ಕಿಲೋಮೀಟರಿಗೆ ಮುಕ್ತಾಯಗೊಂಡು, ಬಲ ತೊಡೆ ಹಿಡಿದುಕೊಂಡಿತು. ಓಟದ ಎರಡನೆಯ ಕಿಲೋಮೀಟರಿನಲ್ಲಿ ರಸ್ತೆಬದಿಯ ಕಲ್ಲಿನ ಮೇಲೆ ಕುಳಿತು ಷೂ ಲೇಸ್ ಕಟ್ಟಿಕೊಳ್ಳಲು ಸದರಿಯವರು ಹತ್ತೊಂಬತ್ತು ನಿಮಿಷ ಬಳಸಿದ್ದಾರೆ. ನಿಗದಿತ ಎರಡೂವರೆ ಗಂಟೆ ಮೀರಿದ್ದರಿಂದ, ರಸ್ತೆ ತಡೆಗಳನ್ನು ತುಂಬಿಕೊಂಡು ಬಂದ ಲಾರಿಯಲ್ಲಿ, ಆ ತಡೆಗಳ ನಡುವೆಯೇ ಅವರನ್ನೂ ಕೂರಿಸಿ ಕರೆತರಲಾಯಿತು.

ಅಂದಿನಿಂದ ಮೂರು ತಿಂಗಳು ಸೈಕಲ್ ಅವರ ಪತ್ನಿಯ ಹೊಲಿಗೆ ಅಂಗಡಿಯ ಮೂಲೆ ಸೇರಿ, ಅದರ ಹ್ಯಾಂಡಲ್ ಮೇಲೆ ಅರ್ಧ ಹೊಲಿದ ಅಂಗಿಗಳನ್ನು ನೇತುಹಾಕಲಾಗಿತ್ತು. ಸದರಿಯವರು ಕಚೇರಿಯಲ್ಲಿ ಮೆಟ್ಟಿಲು ಬಿಟ್ಟು ಲಿಫ್ಟ್ ಹಿಡಿದರು. ಸ್ಪರ್ಧೆಯ ಮಾತೆತ್ತಿದವರಿಗೆ ಹವಾಮಾನದ ವಿಷಯ ಹೇಳಿದರು. ಮೊದಲು ಆಕ್ಷೇಪಿಸಿದ್ದ ಪತ್ನಿಗೇ ಇದನ್ನು ನೋಡಲಾಗಲಿಲ್ಲ. ಒಂದು ದಿನ ಆಕೆ ಅಂಗಿಗಳನ್ನೆಲ್ಲ ಎತ್ತಿಟ್ಟು, ಸೈಕಲ್ಲನ್ನು ಹೊರಗೆ ತಳ್ಳಿ, ಕೆಳಕಂಡಂತೆ ಹೇಳಿದ್ದಾರೆ:

“ನೀವೇನೂ ಕೆಟ್ಟದಾಗಿ ಓಡ್ಲಿಲ್ಲ. ಬೇರೆಯವರ ಅಳತೆಗೆ ಓಡಿದ್ರಿ, ಅಷ್ಟೇ. ಪಕ್ಕದ ಮನೆಯವರ ಅಳತೆ ಕೊಟ್ಟು ಯಾರಾದ್ರೂ ಅಂಗಿ ಹೊಲಿಸ್ಕೊಳ್ತಾರಾ?”

ಈ ಹೇಳಿಕೆಯನ್ನು ಇಲಾಖೆಯು ತಾಂತ್ರಿಕ ಅಭಿಪ್ರಾಯವೆಂದು ಅಂಗೀಕರಿಸಿದೆ. ಅದರನ್ವಯ ಈ ಕೆಳಗಿನ ನಿಯಮಗಳನ್ನು ತಕ್ಷಣದಿಂದ, ಆದರೆ ಅವಸರವಿಲ್ಲದೆ, ಜಾರಿಗೊಳಿಸಿದೆ.

1. ಮೊದಲ ನೂರು ಮೀಟರು ತಮ್ಮನ್ನು ಯಾರೂ ನೋಡುತ್ತಿಲ್ಲವೆಂದು ಭಾವಿಸತಕ್ಕದ್ದು. ನೋಡುತ್ತಿರುವುದು ಖಚಿತವಾದಲ್ಲಿ, ಅವರಿಗೆ ಬೇರೆ ಕೆಲಸವಿಲ್ಲವೆಂದು ಪರಿಗಣಿಸತಕ್ಕದ್ದು.

2. ಮೂವತ್ತೈದರ ಕೆಳಗಿನವರ ಹಿಮ್ಮಡಿಯನ್ನು ಹಿಂಬಾಲಿಸುವುದನ್ನು ನಿಷೇಧಿಸಿದೆ. ಹಿಮ್ಮಡಿಯು ತಾನಾಗಿಯೇ ಎದುರಾದಲ್ಲಿ ಅದಕ್ಕೆ ದಾರಿ ಬಿಟ್ಟು, ಮನಸ್ಸಿನಲ್ಲೇ ಮೂರು ಪ್ರತಿಗಳಲ್ಲಿ ನಿರಾಸಕ್ತಿ ವ್ಯಕ್ತಪಡಿಸತಕ್ಕದ್ದು.

3. ನೀರಿನಿಂದ ಎದ್ದು ಸೈಕಲ್ ಏರುವ ಮುನ್ನ ಕಾಲುಚೀಲವನ್ನು ಕುಳಿತೇ ಹಾಕಿಕೊಳ್ಳತಕ್ಕದ್ದು. ಒಂಟಿಕಾಲಿನಲ್ಲಿ ನಿಂತು ಹಾಕಿಕೊಳ್ಳುವ ಹಕ್ಕು ನಲವತ್ತೈದಕ್ಕೆ ಕೊನೆಗೊಳ್ಳುತ್ತದೆ, ನವೀಕರಣಕ್ಕೆ ಅವಕಾಶವಿರುವುದಿಲ್ಲ.

4. ಸೈಕಲ್ ತುಳಿಯುವಾಗ ಒಂದು ಪೂರ್ಣ ವಾಕ್ಯವನ್ನು ಒಂದೇ ಉಸಿರಿಗೆ ಹೇಳಬಲ್ಲಷ್ಟು ಮಾತ್ರ ವೇಗವಿರತಕ್ಕದ್ದು. ನಮ್ಮ ಭಾಷೆಯಲ್ಲಿ ಕ್ರಿಯಾಪದವು ವಾಕ್ಯದ ಕೊನೆಗೆ ಬರುವುದರಿಂದ, ಕ್ರಿಯಾಪದ ತಲುಪುವ ಮೊದಲೇ ಉಸಿರು ಮುಗಿದವರು ಏನು ಮಾಡುತ್ತಿದ್ದಾರೆಂಬುದು ಅವರಿಗೂ ತಿಳಿಯುವುದಿಲ್ಲ. ಅಂಥವರು ಕೂಡಲೇ ಗೇರ್ ಇಳಿಸತಕ್ಕದ್ದು. (ಮೇಲ್ವಿಚಾರಕರು ಆರು ತಿಂಗಳು ಪ್ರತಿ ಬೆಳಿಗ್ಗೆ, ಪತ್ನಿಯ ಗಿರಾಕಿಗಳ ಅಂಗಿ ಅಳತೆಗಳನ್ನು ಗಟ್ಟಿಯಾಗಿ ಒಪ್ಪಿಸುತ್ತಾ ಸೈಕಲ್ ತುಳಿದಿರುತ್ತಾರೆ. ಬೀದಿಯವರಿಗೆಲ್ಲ ಈಗ ಪರಸ್ಪರರ ಸೊಂಟದ ಸುತ್ತಳತೆ ತಿಳಿದಿದ್ದು, ಈ ಬಗ್ಗೆ ಬಂದ ದೂರುಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಲಾಗುವುದು.)

5. ಇಳಿಜಾರಿನಲ್ಲಿ ದೊರೆತ ವೇಗವು ಭೂಮಿಗೆ ಸೇರಿದ್ದು. ಅದನ್ನು ಸೇವಾ ಪುಸ್ತಕದಲ್ಲಿ ನಮೂದಿಸಲು ಕೋರತಕ್ಕದ್ದಲ್ಲ.

6. ಲೇಸ್ ಕಟ್ಟಿಕೊಳ್ಳುವ ನೆಪವನ್ನು ಒಂದು ಷೂಗೆ ಒಂದು ಬಾರಿಯಂತೆ ಮಂಜೂರು ಮಾಡಿದೆ. ಲೇಸಿಲ್ಲದ ಷೂ ಧರಿಸಿದವರು ಈ ಸೌಲಭ್ಯಕ್ಕೆ ಅರ್ಹರಲ್ಲ. ಅವರು ದೂರದ ಬೆಟ್ಟವನ್ನು ಮೆಚ್ಚಿಕೊಳ್ಳುವ ನೆಪವನ್ನು ಬಳಸಬಹುದು, ಬೆಟ್ಟವಿದ್ದಲ್ಲಿ.

ಅನುಪಾಲನಾ ವರದಿ:

ಮೇಲಿನ ನಿಯಮಗಳನ್ನು ಈ ವರ್ಷದ ಸ್ಪರ್ಧೆಯಲ್ಲಿ ಪ್ರಾಯೋಗಿಕವಾಗಿ ಪಾಲಿಸಲಾಯಿತು. ಪಾರದರ್ಶಕತೆಯ ದೃಷ್ಟಿಯಿಂದ ಇಲ್ಲಿ ನಮೂದಿಸುವುದೇನೆಂದರೆ, ಈ ಸುತ್ತೋಲೆಗೆ ಸಹಿ ಮಾಡಿರುವ ಉಪ ನಿರ್ದೇಶಕರೂ (ವಯಸ್ಸು ಐವತ್ತಾರು) ಅದೇ ಸ್ಪರ್ಧೆಗೆ, ಯಾರಿಗೂ ತಿಳಿಸದೆ, ಹೊಸ ಸೈಕಲ್ ಸಮೇತ ಹಾಜರಾಗಿದ್ದರು. ಕರಡನ್ನು ಆಗಲೇ ಓದಿದ್ದ ಸಹಿದಾರರು, ನಿಯಮಗಳು ಕೆಳಗಿನ ಸಿಬ್ಬಂದಿಗೆ ಮಾತ್ರ ಅನ್ವಯಿಸುತ್ತವೆಂದು ಅರ್ಥೈಸಿಕೊಂಡಿದ್ದರು.

ಮೇಲ್ವಿಚಾರಕರು ಎಲ್ಲರಿಗಿಂತ ಕೊನೆಗೆ ನೀರಿಗಿಳಿದರು. ಇಬ್ಬರನ್ನು ಹಿಂದಿಕ್ಕಿ ನೀರಿನಿಂದ ಎದ್ದರು. ಕುಳಿತು, ಎರಡೂ ಕಾಲುಚೀಲ ಸರಿಪಡಿಸಿಕೊಂಡು, ಗಿರಾಕಿಗಳ ಅಳತೆ ಒಪ್ಪಿಸುತ್ತಾ ಹೊರಟರು. ಆ ವೇಳೆಗೆ ಸಹಿದಾರರು ಐದು ಕಿಲೋಮೀಟರು ಮುಂದಿದ್ದರು. ಸೈಕಲ್ ಏರುವಾಗ, ಇನ್ನೂ ನೀರಿನಲ್ಲಿದ್ದ ಮೇಲ್ವಿಚಾರಕರತ್ತ ತಿರುಗಿ ನೋಡಿ ನಕ್ಕಿದ್ದೂ ಉಂಟು.

ಓಟದ ನಾಲ್ಕನೆಯ ಕಿಲೋಮೀಟರಿನಲ್ಲಿ ಸಹಿದಾರರು ಒಂದು ದೀಪದ ಕಂಬವನ್ನು ತಬ್ಬಿಕೊಂಡಿದ್ದರು. ಕಣ್ಣು ಕತ್ತಲಿಟ್ಟಿತ್ತು. ಲಾರಿ ಎಷ್ಟು ಹೊತ್ತಿಗೆ ಬರುತ್ತದೆಂದು ನೀರು ಕೊಡುತ್ತಿದ್ದವರನ್ನು ಅವರು ಎರಡು ಬಾರಿ ವಿಚಾರಿಸಿರುತ್ತಾರೆ. ಆಗ ಹಿಂದಿನಿಂದ, ಮಾರುಕಟ್ಟೆಗೆ ಹೊರಟವರ ಲಯದಲ್ಲಿ, ಮೇಲ್ವಿಚಾರಕರು ಬಂದರು. ಅವರು ನಗಲಿಲ್ಲ. ಹೆಜ್ಜೆ ಮಾತ್ರ ಸ್ವಲ್ಪ ಚಿಕ್ಕದು ಮಾಡಿ ಹೇಳಿದರು:

“ಸರ್, ನನ್ನ ಜೊತೆ ಬನ್ನಿ ಅಂತ ಕರೆಯೋದಿಲ್ಲ. ನಿಮ್ಮ ಅಳತೆ ನಿಮಗೆ. ಆದ್ರೆ ನಿಲ್ಲಬೇಡಿ. ನಡೀರಿ ಸಾಕು.”

ಸಹಿದಾರರು ನಡೆದರು. ಮೂವತ್ತೊಂದು ವರ್ಷದ ಸೇವೆಯಲ್ಲಿ ಕೆಳಗಿನ ನೌಕರರೊಬ್ಬರ ಸೂಚನೆಯನ್ನು ಅವರು ಪಾಲಿಸಿದ್ದು ಇದೇ ಮೊದಲು. ಮೇಲ್ವಿಚಾರಕರು ಆರು ನಿಮಿಷ ಉಳಿದಿರುವಂತೆಯೇ ಗೆರೆ ದಾಟಿದರು. ಸಹಿದಾರರು ದಾಟಿದ್ದು ನಲವತ್ತು ಸೆಕೆಂಡು ಉಳಿದಿದ್ದಾಗ. ಗೆರೆಯ ಬಳಿ ಮೇಲ್ವಿಚಾರಕರ ಪತ್ನಿ ಎರಡು ಟವೆಲ್ ಹಿಡಿದು ನಿಂತಿದ್ದರು. ಎರಡನೆಯದನ್ನು ಯಾರಿಗೆಂದು ತಂದಿದ್ದರೋ ಕಡತದಲ್ಲಿ ಲಭ್ಯವಿಲ್ಲ. ಅದು ಸಹಿದಾರರ ತಲೆಯ ಮೇಲೆ ಬಿತ್ತು.

ಈ ಹಿನ್ನೆಲೆಯಲ್ಲಿ ಕೊನೆಯದಾಗಿ:

7. ಮೇಲಧಿಕಾರಿಗಳನ್ನು ಹಿಂದಿಕ್ಕಲು ಲಿಖಿತ ಪೂರ್ವಾನುಮತಿ ಅಗತ್ಯವೆಂದು ಕರಡಿನಲ್ಲಿದ್ದ ನಿಯಮವನ್ನು ಕೈಬಿಡಲಾಗಿದೆ. ಹಿಂದಿಕ್ಕುವವರು ಒಂದು ಒಳ್ಳೆಯ ಮಾತು ಹೇಳಿ ಮುಂದೆ ಸಾಗತಕ್ಕದ್ದು.

(ಸಹಿ)
ಉಪ ನಿರ್ದೇಶಕರು
(ಮೂರನೆಯ ಮಹಡಿ ಏರಲಾಗದ ಕಾರಣ, ಕೆಳಮಹಡಿಯ ಕಾವಲುಗಾರರ ಕುರ್ಚಿಯಲ್ಲಿ ಕುಳಿತು ಸಹಿ ಮಾಡಲಾಗಿದೆ)

ಪ್ರತಿಗಳು:
1. ಎಲ್ಲ ವಿಭಾಗಗಳಿಗೆ, ಸೂಚನಾ ಫಲಕದಲ್ಲಿ ಕಣ್ಣಿನ ಎತ್ತರಕ್ಕೆ ಅಂಟಿಸಲು. ಬಗ್ಗಿ ಓದಲು ಸದ್ಯಕ್ಕೆ ಸಹಿದಾರರಿಂದ ಸಾಧ್ಯವಿಲ್ಲ.
2. ಕೆಳಮಹಡಿಯ ಕಾವಲುಗಾರರಿಗೆ, ಇನ್ನೂ ಎರಡು ದಿನ ನಿಂತೇ ಇರಲು ಕೋರಿ.
3. ಉಪ ನಿರ್ದೇಶಕರ ತಾಯಿಯವರಿಗೆ: ‘ಬಿದ್ದಿಲ್ಲ, ಊಟ ಮಾಡಿದ್ದೇನೆ.’
4. ಸ್ಪರ್ಧೆಯ ಸಂಘಟಕರಿಗೆ: ಮುಂದಿನ ವರ್ಷಕ್ಕೆ ಈ ಕಚೇರಿಯಿಂದ ಇಬ್ಬರ ಹೆಸರು ಕಳುಹಿಸಿದ್ದು, ಅಕ್ಕಪಕ್ಕದ ಸಂಖ್ಯೆಗಳನ್ನು ನೀಡಲು ವಿನಂತಿ.